ಅತ್ತರು, ಆದರೂ ಕವರ್ ಬೆಂಚಿನಡಿಯೇ ಬಿತ್ತು

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಇಕೋ ಕ್ಲಬ್ ಹೊಣೆಯೂ ನನ್ನದೇ. ಒಂಬತ್ತನೇ ತರಗತಿಯವರಿಗೆ ಶನಿವಾರ ಪರಿಸರದ ಸಿನಿಮಾ ತೋರಿಸುತ್ತೇನೆ. ಆಮೆಯ ಮೂಗಿನಿಂದ ಪ್ಲಾಸ್ಟಿಕ್ ಸ್ಟ್ರಾ ಎಳೆದು ತೆಗೆಯುವ ವಿಡಿಯೊ ನೋಡಿ ಕೆಲವರು ಅತ್ತೇಬಿಟ್ಟರು. ಬೆಲ್ ಹೊಡೆದ ಮೇಲೆ ನೋಡಿದರೆ ಬೆಂಚುಗಳ ಕೆಳಗೆ ಚಿಪ್ಸ್ ಕವರ್‌ಗಳು! ಗದರಿದೆ. ‘ನಮ್ಮೂರಲ್ಲಿ ಸಮುದ್ರಾನೇ ಇಲ್ವಲ್ಲ ಮಿಸ್’ ಎಂದ ಒಬ್ಬ, ಎಲ್ಲರೂ ನಕ್ಕರು. ಚೆನ್ನಾಗಿ ಓದುವ ಹುಡುಗಿಯೊಬ್ಬಳು, ‘ಹೇಗೂ ಎಲ್ಲ ಹಾಳಾಗುತ್ತೆ, ಓದಿ ಏನು ಮಾಡೋದು?’ ಅಂದಳು. ಸಿನಿಮಾ ತೋರಿಸಿದ್ದೇ ತಪ್ಪಾಯಿತೇ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ತೋರಿಸಿದ್ದು ತಪ್ಪಲ್ಲ ಮೇಡಂ. ಕಣ್ಣೀರು ಬಂದರೆ ಜವಾಬ್ದಾರಿಯೂ ಬಂತು ಅಂದುಕೊಂಡದ್ದರಲ್ಲಿ ಎಡವಟ್ಟಾಗಿದೆ. ಆಮೆಯ ಸಂಕಟ ನೋಡಿದ ಮಗುವಿಗೆ ಮಾಡಲು ಏನೂ ಸಿಗದಿದ್ದರೆ, ಆ ನೋವು ಹೊರಬೀಳಲು ಎರಡೇ ದಾರಿ: ಒಂದು ತಮಾಷೆ, ಇನ್ನೊಂದು ಹತಾಶೆ. ನಿಮ್ಮ ತರಗತಿಯಲ್ಲಿ ಎರಡೂ ಕಂಡಿವೆ. ಹದಿನಾಲ್ಕರ ವಯಸ್ಸಿನಲ್ಲಿ ಗೆಳೆಯರೆದುರು ಅಳುವುದು ಅವಮಾನ, ನಗಿಸುವುದು ಸಲೀಸು. ಆ ಹುಡುಗನನ್ನು ಉಡಾಫೆಯವನೆಂದು ತೀರ್ಮಾನಿಸಬೇಡಿ.

ಇನ್ನು ಮುಂದೆ ಯಾರಾದರೂ ದಿನವೂ ಒಂದು ಕೆಲಸ ಮಾಡುವುದನ್ನು ತೋರಿಸುವ ಸಿನಿಮಾ ಆರಿಸಿ. ‘ದಿ ಎಲಿಫೆಂಟ್ ವಿಸ್ಪರರ್ಸ್’ ನಲವತ್ತು ನಿಮಿಷದ ಸಾಕ್ಷ್ಯಚಿತ್ರ. 2023ರಲ್ಲಿ ಆಸ್ಕರ್ ಪಡೆಯಿತು. ನಮ್ಮ ಬಂಡೀಪುರಕ್ಕೆ ಅಂಟಿಕೊಂಡೇ ಇರುವ ಮುದುಮಲೈ ಕಾಡಿನಲ್ಲಿ ಬೊಮ್ಮನ್ ಮತ್ತು ಬೆಳ್ಳಿ, ತಬ್ಬಲಿ ಆನೆಮರಿ ರಘುವನ್ನು ಸಾಕುತ್ತಾರೆ. ಮೀಯಿಸುವುದು, ಉಣಿಸುವುದು, ಕಾಯುವುದು, ಇಷ್ಟೇ ಅವರ ದಿನಚರಿ. ಉಪದೇಶ ಮಾಡುವವರು ಯಾರೂ ಇಲ್ಲ. ಮುಂದೆ ಅರಣ್ಯ ಇಲಾಖೆ ರಘುವನ್ನು ಬೇರೆಯವರ ಸುಪರ್ದಿಗೆ ಒಪ್ಪಿಸುತ್ತದೆ. ಅಲ್ಲಿಗೆ ನಿಲ್ಲಿಸಿ, ‘ರಘು ಯಾರವನು? ಸಾಕಿದವರವನಾ, ಇಲಾಖೆಯವನಾ, ಕಾಡಿನವನಾ?’ ಎಂದು ಕೇಳಿ. ತರಗತಿ ಮೂರು ಪಾಲಾಗಿ ಜಗಳಕ್ಕೆ ಬೀಳಲಿ. ನೀತಿ ಹೇಳುವ ಆಸೆಯನ್ನು ಆವತ್ತು ತಡೆದುಕೊಳ್ಳಿ.

ಇನ್ನೊಂದು ಶನಿವಾರಕ್ಕೆ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಇರಲಿ. ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ ಚಿತ್ರ. ಅಣೆಕಟ್ಟಿನ ನೀರು ಏರುತ್ತ ಬಂದರೂ ಮನೆ ಬಿಡಲೊಲ್ಲದ ಸಂಸಾರವೊಂದರ ಕಥೆ. ಪೂರ್ತಿ ಹಾಕಿದರೆ ಈ ವಯಸ್ಸಿನವರಿಗೆ ನಿಧಾನ ಅನ್ನಿಸೀತು. ಹದಿನೈದು ನಿಮಿಷದ ಭಾಗ ಸಾಕು. ಆಮೇಲೆ ಶರಾವತಿಯ ಲಿಂಗನಮಕ್ಕಿ ಜಲಾಶಯ ಎಷ್ಟೋ ಊರುಗಳನ್ನು ಮುಳುಗಿಸಿದ್ದನ್ನು, ಅಲ್ಲಿನ ವಿದ್ಯುತ್ತು ರಾಜ್ಯದ ಮನೆಗಳಲ್ಲಿ ದೀಪ ಹೊತ್ತಿಸಿದ್ದನ್ನು ಹೇಳಿ. ಕರೆಂಟು ಬೇಕು, ಆದರೆ ಅದರ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದಾರೆ ಎಂಬುದು ಸುಲಭದ ಉತ್ತರವಿಲ್ಲದ ಮಾತು. ಹದಿಹರೆಯದವರಿಗೆ ಇಂಥ ಬಿಕ್ಕಟ್ಟನ್ನು ಕೊಟ್ಟರೆ ತಮ್ಮನ್ನು ದೊಡ್ಡವರಂತೆ ಕಂಡರೆಂದು ಅವರಿಗೆ ಅನ್ನಿಸುತ್ತದೆ. ‘ಕಸ ಹಾಕಬಾರದು’ ಎಂಬುದನ್ನು ಅವರು ಒಂದನೇ ಕ್ಲಾಸಿನಿಂದ ಕೇಳಿ ಸಾಕಾಗಿದ್ದಾರೆ.

ಈಗ ಆ ಕವರ್‌ಗಳ ವಿಚಾರ. ಗದರಿದರೆ ನೀವಿರುವಾಗ ಬೀಳುವುದಿಲ್ಲ, ಅಷ್ಟೇ. ಬದಲಿಗೆ ಮಕ್ಕಳನ್ನೇ ತನಿಖೆಗೆ ಬಿಡಿ: ಕವರ್ ಯಾವ ಅಂಗಡಿಯಿಂದ ಬಂತು, ಶಾಲೆಯಲ್ಲಿ ಕಸದ ಬುಟ್ಟಿ ಎಲ್ಲೆಲ್ಲಿದೆ, ಬುಟ್ಟಿಯ ಕಸ ಎಲ್ಲಿಗೆ ಹೋಗುತ್ತದೆ, ಯಾರು ಸುಡುತ್ತಾರೆ? ಇದನ್ನೆಲ್ಲ ಶಾಲೆಯ ಮೊಬೈಲಿನಲ್ಲಿ ಮೂರು ನಿಮಿಷದ ಚಿತ್ರವಾಗಿ ಅವರೇ ತೆಗೆಯಲಿ. ಕ್ಯಾಮೆರಾ ಸ್ಟಾಫ್ ರೂಮಿಗೂ ಬಂದೀತು. ಅಲ್ಲಿ ಚಹಾ ಕುಡಿಯುವ ಪೇಪರ್ ಕಪ್‌ಗೂ ಒಳಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಸಿಟ್ಟಾಗದೆ ಸ್ಟೀಲ್ ಲೋಟಕ್ಕೆ ಬದಲಾಯಿಸಿ. ಹಿರಿಯರು ತಮ್ಮ ಪಾಲಿನದನ್ನು ಸರಿಪಡಿಸಿಕೊಳ್ಳುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಕೊನೆಗೆ ಅವರು ಒಂದೇ ಒಂದು ಕೆಲಸ ಆರಿಸಿಕೊಳ್ಳಲಿ, ತಿಂಗಳಲ್ಲಿ ಮುಗಿಯುವಂಥದ್ದು.

ಆ ಹುಡುಗಿಯೊಂದಿಗೆ ಮಾತ್ರ ಬೇರೆಯಾಗಿ ಕೂತು ಮಾತಾಡಿ. ‘ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸಬೇಡಿ. ಯಾವುದು ಹಾಳಾಗುತ್ತದೆಂದು ಹೆದರಿಕೆ, ಯಾವಾಗಿನಿಂದ, ಎಂದು ಕೇಳಿ. ಪರಿಸರದ ಚಿಂತೆಯ ಹಿಂದೆ ಮನೆಯ ಬೇರೇನೋ ಸಂಕಟವೂ ಇರಬಹುದು. ನಿದ್ದೆ, ಊಟ, ಓದು ಕೆಟ್ಟು ವಾರಗಳಾಗಿದ್ದರೆ ಪೋಷಕರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಜಗತ್ತನ್ನು ಉಳಿಸುವ ಭಾರ ಒಂಬತ್ತನೇ ತರಗತಿಯ ಮೇಲಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಹೇಳಿ.

ಈ ಶನಿವಾರ ಸಿನಿಮಾ ಬೇಡ. ಮೊದಲು ಅವಳ ಜೊತೆ ಮಾತಾಗಲಿ. ರಘುವಿನ ಜಗಳ ಮುಂದಿನ ವಾರಕ್ಕಿರಲಿ.