ಹಳಿ ಮುಗಿಯುವ ಜಾಗ: ಟರ್ಮಿನಸ್ ನಿಲ್ದಾಣದ ಮಾದರಿ ಕಟ್ಟುವ ಪಾಠ

ವಿಜ್ಞಾನ ಪ್ರದರ್ಶನ ಬಂದಾಗಲೆಲ್ಲ ರೈಲಿನ ಮಾದರಿ ಒಂದಾದರೂ ಇರುತ್ತದೆ. ಥರ್ಮಾಕೋಲ್ ಕಟ್ಟಡ, ಬಣ್ಣದ ದೀಪ, ವೃತ್ತಾಕಾರದ ಹಳಿಯ ಮೇಲೆ ಸುತ್ತುವ ಆಟಿಕೆ ರೈಲು. ನೋಡಲು ಚೆಂದ. ಆದರೆ ವೃತ್ತದಲ್ಲಿ ಸುತ್ತುವ ರೈಲಿಗೆ ಎಲ್ಲಿಯೂ ತೀರ್ಮಾನ ಮಾಡುವ ಅಗತ್ಯವಿಲ್ಲ. ಹಾಗಾಗಿ ಅದನ್ನು ಕಟ್ಟಿದವರಿಗೂ ನೋಡಿದವರಿಗೂ ರೈಲ್ವೆ ಹೇಗೆ ನಡೆಯುತ್ತದೆ ಎಂಬುದು ತಿಳಿಯುವುದಿಲ್ಲ. ಈ ಲೇಖನದಲ್ಲಿ ಬೇರೆ ಬಗೆಯ ಮಾದರಿಯನ್ನು ಸೂಚಿಸುತ್ತಿದ್ದೇವೆ. ನಮ್ಮ ಕಲ್ಪನೆಯ ನಗರವೊಂದರ ಟರ್ಮಿನಸ್, ಅಂದರೆ ಹಳಿ ಕೊನೆಗೊಳ್ಳುವ ನಿಲ್ದಾಣ ಅದು. ಪಿಯುಸಿಯ ಭೌತಶಾಸ್ತ್ರ, ಗಣಿತ, ಗಣಕ ವಿಜ್ಞಾನ ಮೂರೂ ಇಲ್ಲಿ ಕೆಲಸಕ್ಕೆ ಬರುತ್ತವೆ. ವಾಣಿಜ್ಯ ಮತ್ತು ಕಲಾ ವಿಭಾಗದವರಿಗೂ ಕೆಲಸವಿದೆ.

1. ಟರ್ಮಿನಸ್ ಎಂದರೇನು?

ನಮ್ಮ ಮೈಸೂರು ನಿಲ್ದಾಣ ಟರ್ಮಿನಸ್ ಅಲ್ಲ, ಜಂಕ್ಷನ್. ಇಲ್ಲಿಂದ ಬೆಂಗಳೂರಿನ ಕಡೆಗೆ, ಹಾಸನ-ಅರಸೀಕೆರೆ ಕಡೆಗೆ, ಚಾಮರಾಜನಗರದ ಕಡೆಗೆ ಹಳಿಗಳು ಹೋಗುತ್ತವೆ. ಚಾಮರಾಜನಗರಕ್ಕೆ ಸುಮಾರು 60 ಕಿ.ಮೀ. ಅಲ್ಲಿ ಹಳಿ ಮುಗಿಯುತ್ತದೆ. ಬಂದ ರೈಲು ಬಂದ ದಾರಿಯಲ್ಲೇ ಹಿಂತಿರುಗಬೇಕು. ಇದೇ ಟರ್ಮಿನಸ್ಸಿನ ಮೂಲ ಲಕ್ಷಣ.

ದೊಡ್ಡ ಉದಾಹರಣೆ ಬೇಕಾದರೆ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನೋಡಿ. ಅಲ್ಲಿ 18 ಪ್ಲಾಟ್‌ಫಾರ್ಮುಗಳಿವೆ. 2004ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇತಿಹಾಸದ ವಿದ್ಯಾರ್ಥಿಗಳು ಮದೀನಾದ ನಿಲ್ದಾಣವನ್ನೂ ನೆನಪಿಡಬಹುದು. ದಮಾಸ್ಕಸ್‌ನಿಂದ ಹೊರಟ ಹಿಜಾಝ್ ರೈಲುಮಾರ್ಗ ಸುಮಾರು 1300 ಕಿ.ಮೀ. ಸಾಗಿ 1908ರಲ್ಲಿ ಮದೀನಾ ತಲುಪಿ ಅಲ್ಲಿಗೆ ಮುಗಿಯಿತು. ಅದಕ್ಕೆ ಭಾರತದ ಮುಸ್ಲಿಮರೂ ದೇಣಿಗೆ ಕೊಟ್ಟಿದ್ದರು. ಆ ನಿಲ್ದಾಣ ಇಂದು ವಸ್ತುಸಂಗ್ರಹಾಲಯವಾಗಿದೆ.

ಮಾದರಿ ಶುರುಮಾಡುವ ಮೊದಲು ಒಂದು ಭಾನುವಾರ ಕೆಆರ್‌ಎಸ್ ರಸ್ತೆಯ ರೈಲ್ವೆ ಮ್ಯೂಸಿಯಂಗೆ ಹೋಗಿಬನ್ನಿ. 1979ರಲ್ಲಿ ಆರಂಭವಾದ ಇದು ನಮ್ಮ ಜಯಲಕ್ಷ್ಮಿಪುರಂಗೆ ಹತ್ತಿರದಲ್ಲೇ ಇದೆ. ಅಲ್ಲಿ 1899ರ ಮಹಾರಾಣಿ ಸಲೂನ್ ಇದೆ, ಹಳೆಯ ಉಗಿ ಎಂಜಿನ್‌ಗಳಿವೆ. ಚೆಂದ ನೋಡುವುದರ ಜೊತೆಗೆ ಚಕ್ರದ ಒಳಅಂಚು, ಹಳಿಯ ಅಗಲ, ಸಿಗ್ನಲ್ ಕೈಮರದ ಎತ್ತರ ಇವನ್ನೂ ನೋಟ್‌ಬುಕ್ಕಿನಲ್ಲಿ ಗುರುತುಮಾಡಿಕೊಳ್ಳಿ.

2. ಅಳತೆಯ ಲೆಕ್ಕ

ನಾವು 160ಕ್ಕೆ 1ರ ಅಳತೆ ಆರಿಸೋಣ. ನಿಜವಾದ 160 ಸೆಂ.ಮೀ. ಮಾದರಿಯಲ್ಲಿ 1 ಸೆಂ.ಮೀ. ಆಗುತ್ತದೆ. ಸಾಮಾನ್ಯ ಎತ್ತರದ ಮನುಷ್ಯ ಇಲ್ಲಿ ಒಂದು ಸೆಂಟಿಮೀಟರ್ ಎಂದು ನೆನಪಿಟ್ಟುಕೊಂಡರೆ ಸಾಕು, ಬಾಗಿಲು, ಬೆಂಚು, ಮೆಟ್ಟಿಲು ಎಲ್ಲದರ ಅಳತೆಯೂ ಕಣ್ಣಿಗೆ ಸಿಗುತ್ತದೆ.

ಈಗಿನ ಎಲ್‌ಎಚ್‌ಬಿ ಬೋಗಿಯ ಉದ್ದ ಸುಮಾರು 23.5 ಮೀಟರ್. ಮಾದರಿಯಲ್ಲಿ 14.7 ಸೆಂ.ಮೀ. ವಿದ್ಯುತ್ ಎಂಜಿನ್ ಸುಮಾರು 20.5 ಮೀಟರ್. ಮಾದರಿಯಲ್ಲಿ 12.8 ಸೆಂ.ಮೀ. 22 ಬೋಗಿಗಳ ಪೂರ್ಣ ರೈಲು ಮಾಡಿದರೆ 3.4 ಮೀಟರ್ ಬೇಕು. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮನ್ನು ಇದೇ ಅಳತೆಯಲ್ಲಿ ಮಾಡಿದರೆ 9.4 ಮೀಟರ್ ಆಗುತ್ತದೆ. ನಮ್ಮ ಪ್ರಯೋಗಾಲಯದ ಮೇಜಿಗೆ ಅದು ಸಾಲದು. ಆದ್ದರಿಂದ ಅಗಲ-ಎತ್ತರಗಳನ್ನು ಅಳತೆಯಂತೆ ಉಳಿಸಿಕೊಂಡು ಬೋಗಿಗಳ ಸಂಖ್ಯೆಯನ್ನು ಮಾತ್ರ ಕಡಿಮೆ ಮಾಡೋಣ. ಒಂದು ಎಂಜಿನ್, ಐದು ಬೋಗಿ ಸೇರಿ ಸುಮಾರು 87 ಸೆಂ.ಮೀ.

8 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ ತೆಗೆದುಕೊಳ್ಳಿ. ಉದ್ದ 244 ಸೆಂ.ಮೀ. ಅದರಲ್ಲಿ ನಿಲ್ದಾಣದ ಕಟ್ಟಡಕ್ಕೆ 35, ಪ್ಲಾಟ್‌ಫಾರ್ಮಿಗೆ 110, ಹಳಿಗಳು ಕವಲೊಡೆಯುವ ಭಾಗಕ್ಕೆ 80 ಸೆಂ.ಮೀ. ಮೀಸಲಿಡಿ. ಉಳಿದದ್ದು ಅಂಚಿಗೆ. ಇದಕ್ಕೆ ಜೋಡಿಸಲು 4 ಅಡಿಯ ಇನ್ನೊಂದು ಹಲಗೆ ಇರಲಿ. ಅದು ಪರದೆಯ ಹಿಂದೆ ಇರುವ ಯಾರ್ಡ್. ಪ್ರೇಕ್ಷಕರಿಗೆ ಅದು "ಬೇರೆ ಊರು", ನಮಗೆ ರೈಲುಗಳನ್ನು ಸಿದ್ಧಮಾಡಿ ಕಳಿಸುವ ಜಾಗ.

ಹಳಿಯ ಅಗಲದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 160ರಿಂದ ಭಾಗಿಸಿದರೆ 10.5 ಮಿ.ಮೀ. ಅಂಗಡಿಯಲ್ಲಿ ಈ ಅಳತೆಗೆ ಸಿಗುವ ಹಳಿ 9 ಮಿ.ಮೀ. ಯಾಕೆಂದರೆ ಅದು ಯುರೋಪಿನ 1435 ಮಿ.ಮೀ. ಗೇಜಿಗಾಗಿ ಮಾಡಿದ್ದು. ಬೆಂಗಳೂರಿನ ನಮ್ಮ ಮೆಟ್ರೋ ಓಡುವುದೂ ಅದೇ ಗೇಜಿನಲ್ಲಿ. ನಮ್ಮ ಮಾದರಿಯಲ್ಲಿ ತಾಮ್ರದ ಅಂಟುಪಟ್ಟಿಯಿಂದ ನಾವೇ ಹಳಿ ಹಾಸುವುದರಿಂದ ಸರಿಯಾದ 10.5 ಮಿ.ಮೀ. ಇಡಬಹುದು. ಖರ್ಚೂ ಕಡಿಮೆ.

ಫೋಮ್‌ಬೋರ್ಡಿನ ಮೇಲೆ ಎರಡು ತಾಮ್ರದ ಪಟ್ಟಿ ಅಂಟಿಸಿ, ನಡುವೆ ಕಿರಿದಾದ ಸೀಳು ಕೊರೆಯಿರಿ. ಕಾರ್ಡ್‌ಬೋರ್ಡ್ ಬೋಗಿಯ ಕೆಳಗಿನ ಸಣ್ಣ ಮೊಳೆ ಆ ಸೀಳಿನಲ್ಲಿ ಜಾರುತ್ತದೆ. ಕವಲಿನಲ್ಲಿ ತಿರುಗುವ ಒಂದು ಪುಟ್ಟ ನಾಲಿಗೆ ಇಟ್ಟರೆ ಅದೇ ಪಾಯಿಂಟ್. ರೈಲನ್ನು ಕೈಯಿಂದ ತಳ್ಳೋಣ. ಮೋಟರಿಗೆ ಹಣ ಹಾಕುವ ಬದಲು ಸಿಗ್ನಲ್ಲಿಗೆ ಬುದ್ಧಿ ಹಾಕೋಣ.

3. ಸಿಕ್ಕಿಬಿದ್ದ ಎಂಜಿನ್

ರೈಲು ಟರ್ಮಿನಸ್ಸಿಗೆ ಬಂದು ನಿಂತಿತು. ಎಂಜಿನ್ ಮುಂದಿದೆ, ಅದರ ಮುಂದೆ ಹಳಿಯ ಕೊನೆಯ ತಡೆ, ಹಿಂದೆ ಐದು ಬೋಗಿ. ಈಗ ಎಂಜಿನ್ ಹೊರಬರುವುದು ಹೇಗೆ?

ಮೂರು ದಾರಿಗಳಿವೆ. ಒಂದು, ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಪಕ್ಕದ ಹಳಿಗೆ ಸೇರುವ ಅಡ್ಡಹಳಿ ಹಾಕುವುದು. ಎಂಜಿನ್ ಬಿಡಿಸಿಕೊಂಡು, ಪಕ್ಕದ ಖಾಲಿ ಹಳಿಯಲ್ಲಿ ಸುತ್ತಿ ಇನ್ನೊಂದು ತುದಿಗೆ ಬರುತ್ತದೆ. ಎರಡು, ಬೇರೊಂದು ಎಂಜಿನ್ ಇನ್ನೊಂದು ತುದಿಗೆ ಬಂದು ರೈಲನ್ನು ಎಳೆದೊಯ್ಯುವುದು. ಆಮೇಲೆ ಮೊದಲ ಎಂಜಿನ್ನಿಗೆ ಬಿಡುಗಡೆ. ಮೂರು, ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವ ರೈಲನ್ನೇ ಓಡಿಸುವುದು. ಮೆಮು ರೈಲುಗಳು ಹೀಗೆಯೇ ಇವೆ. 2022ರ ನವೆಂಬರಿನಲ್ಲಿ ಆರಂಭವಾದ ಮೈಸೂರು-ಚೆನ್ನೈ ವಂದೇ ಭಾರತ್ ಕೂಡ ಹೀಗೆಯೇ. ಚಾಲಕರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋದರೆ ರೈಲು ತಿರುಗಿದಂತೆ. ಎಂಜಿನ್ ಬದಲಿಸುವ ಸಮಯ ಉಳಿಯುತ್ತದೆ, ಅಷ್ಟು ಬೇಗ ಪ್ಲಾಟ್‌ಫಾರ್ಮ್ ಖಾಲಿಯಾಗುತ್ತದೆ.

4. ನಿಲ್ದಾಣದ ಗಂಟಲು

ಹೊರಗಿನಿಂದ ಬರುವ ಎರಡು ಹಳಿಗಳು ನಾಲ್ಕು ಪ್ಲಾಟ್‌ಫಾರ್ಮುಗಳಿಗೆ ಕವಲೊಡೆಯುವ ಜಾಗವೇ ನಿಲ್ದಾಣದ ಗಂಟಲು. ನಿಲ್ದಾಣ ಎಷ್ಟು ರೈಲುಗಳನ್ನು ನುಂಗಬಲ್ಲದು ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ.

ಬರುವ ಹಳಿ ಎಡಕ್ಕೆ, ಹೋಗುವ ಹಳಿ ಬಲಕ್ಕೆ ಇರಲಿ. ಪ್ಲಾಟ್‌ಫಾರ್ಮುಗಳಿಗೆ ಎಡದಿಂದ ಬಲಕ್ಕೆ 1, 2, 3, 4 ಎಂದು ಸಂಖ್ಯೆ ಕೊಡಿ. ಒಂದು ರೈಲು ಪ್ಲಾಟ್‌ಫಾರ್ಮ್ 1ಕ್ಕೆ ಬರುವಾಗಲೇ ಇನ್ನೊಂದು 3ರಿಂದ ಹೊರಡಬಹುದು. ದಾರಿಗಳು ಒಂದನ್ನೊಂದು ದಾಟುವುದಿಲ್ಲ. ಆದರೆ 3ಕ್ಕೆ ಬರುವ ರೈಲೂ 1ರಿಂದ ಹೊರಡುವ ರೈಲೂ ಎಲ್ಲಾದರೂ ಅಡ್ಡ ಹಾಯಲೇಬೇಕು. ಬರುವ ಸಂಖ್ಯೆ ಹೊರಡುವ ಸಂಖ್ಯೆಗಿಂತ ಚಿಕ್ಕದಿದ್ದರೆ ಮಾತ್ರ ಎರಡೂ ಒಟ್ಟಿಗೆ ಸಾಧ್ಯ.

ಬೇರೆ ಬೇರೆ ಪ್ಲಾಟ್‌ಫಾರ್ಮುಗಳ ಜೋಡಿಗಳು 4 × 3 = 12. ಅವುಗಳಲ್ಲಿ ಸರಿಯಾಗಿ ಅರ್ಧ, ಅಂದರೆ 6 ಜೋಡಿಗಳಲ್ಲಿ ಮಾತ್ರ ಒಟ್ಟಿಗೆ ಚಲನೆ ಸಾಧ್ಯ. ಮೇಲ್ಸೇತುವೆ ಇಲ್ಲದೆ, ಹಳಿಗಳನ್ನು ಎಷ್ಟೇ ಜಾಣತನದಿಂದ ಹಾಸಿದರೂ ಇದಕ್ಕಿಂತ ಹೆಚ್ಚು ಆಗದು.

ಹಾಗಾದರೆ ಅತ್ಯುತ್ತಮ ಪ್ಲಾಟ್‌ಫಾರ್ಮ್ ಯಾವುದು? 1ಕ್ಕೆ ಬರುವ ರೈಲು ಯಾರಿಗೂ ಅಡ್ಡಿಯಲ್ಲ. ಆದರೆ ಅದೇ ರೈಲು 1ರಿಂದ ಹೊರಡುವಾಗ ಉಳಿದ ಮೂರಕ್ಕೂ ಬರುವ ರೈಲುಗಳನ್ನು ತಡೆಯುತ್ತದೆ. 4ರಲ್ಲಿ ಇದು ತಿರುವುಮುರುವು. ಸಾಮಾನ್ಯವಾಗಿ k ಸಂಖ್ಯೆಯ ಪ್ಲಾಟ್‌ಫಾರ್ಮಿಗೆ ಬರುವಾಗ k − 1 ಅಡ್ಡಿ, ಹೊರಡುವಾಗ 4 − k ಅಡ್ಡಿ. ಕೂಡಿಸಿದರೆ k ಏನೇ ಇರಲಿ, ಉತ್ತರ 3. ಟರ್ಮಿನಸ್ಸಿನಲ್ಲಿ ಬಂದ ರೈಲು ಹೊರಡಲೇಬೇಕಾದ್ದರಿಂದ ಪುಕ್ಕಟೆ ಲಾಭದ ಪ್ಲಾಟ್‌ಫಾರ್ಮ್ ಎಂಬುದೇ ಇಲ್ಲ. ಉಳಿಯುವ ದಾರಿ ಒಂದೇ: ವೇಳಾಪಟ್ಟಿಯನ್ನು ಸರಿಯಾಗಿ ಹೆಣೆಯುವುದು.

5. ಸಿಗ್ನಲ್ ಸುಳ್ಳು ಹೇಳಬಾರದು

ಪಾಠದ ಮುಖ್ಯ ಭಾಗ ಇದು. ಪ್ಲಾಟ್‌ಫಾರ್ಮ್ 2ಕ್ಕೆ ಹಸಿರು ದೀಪ ಯಾವಾಗ ಹೊತ್ತಬೇಕು? ನಾಲ್ಕು ಷರತ್ತುಗಳು: ಸ್ಟೇಷನ್ ಮಾಸ್ಟರ್ ಆ ದಾರಿಯನ್ನು ಆರಿಸಿರಬೇಕು, ಪಾಯಿಂಟುಗಳು ಆ ದಾರಿಗೆ ಸೇರಿರಬೇಕು, ಪ್ಲಾಟ್‌ಫಾರ್ಮ್ ಖಾಲಿ ಇರಬೇಕು, ಅಡ್ಡ ಹಾಯುವ ಬೇರೆ ದಾರಿಗೆ ಅನುಮತಿ ಇರಬಾರದು. ಗಣಕ ವಿಜ್ಞಾನದಲ್ಲಿ ಓದಿದ ಆಂಡ್ ಗೇಟ್ ಇದೇ. ನಾಲ್ಕು ಸ್ವಿಚ್ಚುಗಳನ್ನು ಸರಣಿಯಲ್ಲಿ ಜೋಡಿಸಿ ಒಂದು ರಿಲೇಗೆ ಕೊಟ್ಟರೆ ಮುಗಿಯಿತು. ಈ ವ್ಯವಸ್ಥೆಯನ್ನು ಇಂಟರ್‌ಲಾಕಿಂಗ್ ಎನ್ನುತ್ತಾರೆ.

ಎರಡು ನಿಯಮಗಳನ್ನು ಬಿಡದೆ ಪಾಲಿಸಿ.

ಮೊದಲನೆಯದು: ಪಾಯಿಂಟಿನ ಸ್ಥಿತಿಯನ್ನು ಪಾಯಿಂಟಿನ ನಾಲಿಗೆಯಿಂದಲೇ ತಿಳಿಯಬೇಕು, ಅದನ್ನು ತಿರುಗಿಸುವ ಗುಂಡಿಯಿಂದಲ್ಲ. ಗುಂಡಿ ಒತ್ತಿದ್ದು ಆಜ್ಞೆ ಮಾತ್ರ. ನಾಲಿಗೆ ನಡುವೆ ಸಿಕ್ಕಿಕೊಂಡಿರಬಹುದು. ಆದ್ದರಿಂದ ನಾಲಿಗೆ ಪೂರ್ತಿ ಸರಿದಾಗ ಮಾತ್ರ ಒತ್ತುವಂತೆ ಸಣ್ಣ ಮೈಕ್ರೋಸ್ವಿಚ್ ಇಡಿ.

ಎರಡನೆಯದು: ಏನೇ ಕೆಟ್ಟರೂ ಕೆಂಪು ಬರಬೇಕು. ರಿಲೇಗೆ ವಿದ್ಯುತ್ ಸಿಕ್ಕಾಗ ಹಸಿರು, ಸಿಗದಿದ್ದಾಗ ಕೆಂಪು ಎಂದು ಜೋಡಿಸಿ. ಆಗ ತಂತಿ ಕಿತ್ತುಹೋದರೆ ತಾನಾಗಿಯೇ ಕೆಂಪು. ಪ್ಲಾಟ್‌ಫಾರ್ಮ್ ಖಾಲಿ ಇದೆಯೇ ಎಂದು ತಿಳಿಯಲೂ ಇದೇ ಉಪಾಯ. ಹಳಿಗಳ ಒಂದು ತುದಿಯಿಂದ ಸಣ್ಣ ವಿದ್ಯುತ್ ಹರಿಸಿ, ಇನ್ನೊಂದು ತುದಿಯಲ್ಲಿ ರಿಲೇ ಇಡಿ. ಬೋಗಿಯ ಕೆಳಗಿನ ಲೋಹದ ಪಟ್ಟಿ ಎರಡೂ ಹಳಿಗಳನ್ನು ಮುಟ್ಟಿದರೆ ವಿದ್ಯುತ್ ಅಲ್ಲೇ ಹಿಂತಿರುಗುತ್ತದೆ, ರಿಲೇ ಬೀಳುತ್ತದೆ. ಹಳಿ ಮುರಿದರೂ ರಿಲೇ ಬೀಳುತ್ತದೆ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಕಂಡುಹಿಡಿದ ಈ ಟ್ರ್ಯಾಕ್ ಸರ್ಕ್ಯೂಟ್ ಇಂದಿಗೂ ಬಳಕೆಯಲ್ಲಿದೆ.

ಎಲ್‌ಇಡಿಗೆ ನೇರವಾಗಿ 5 ವೋಲ್ಟ್ ಕೊಡಬೇಡಿ. ಕೆಂಪು ಎಲ್‌ಇಡಿಯಲ್ಲಿ ಸುಮಾರು 2 ವೋಲ್ಟ್ ಇಳಿಯುತ್ತದೆ. ಉಳಿದ 3 ವೋಲ್ಟಿಗೆ 330 ಓಮ್ ರೋಧಕ ಹಾಕಿದರೆ ಸುಮಾರು 9 ಮಿಲಿಆಂಪಿಯರ್ ಹರಿಯುತ್ತದೆ. ಅಷ್ಟು ಸಾಕು.

ಇಷ್ಟೆಲ್ಲ ಎಚ್ಚರ ಏಕೆ? 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಮಾರ್ಗದ ಹಸಿರು ಸಿಗ್ನಲ್ ಇತ್ತು. ಪಾಯಿಂಟ್ ಮಾತ್ರ ಲೂಪ್ ಲೈನಿಗೆ ತಿರುಗಿತ್ತು. ರೈಲು ಅಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆಯಿತು. ಹಳಿ ತಪ್ಪಿದ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲಿಗೂ ಬಡಿದವು. 290ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸಿಗ್ನಲ್ ಸರ್ಕ್ಯೂಟಿನ ತಂತಿ ಜೋಡಣೆಯಲ್ಲಿ ಮಾಡಿದ ಬದಲಾವಣೆಯ ಲೋಪವೇ ಕಾರಣ ಎಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು. 2024ರ ಅಕ್ಟೋಬರ್ 11ರಂದು ನಮ್ಮ ಮೈಸೂರಿನಿಂದ ಹೊರಟ ದರ್ಭಂಗಾ ಬಾಗ್ಮತಿ ಎಕ್ಸ್‌ಪ್ರೆಸ್ ಕೂಡ ತಮಿಳುನಾಡಿನ ಕವರೈಪೇಟೆಯಲ್ಲಿ, ಮುಖ್ಯ ಮಾರ್ಗಕ್ಕೆ ಸಿಗ್ನಲ್ ಇದ್ದರೂ ಲೂಪ್ ಲೈನಿಗೆ ಹೋಗಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಹಲವರು ಗಾಯಗೊಂಡರು, ಪ್ರಾಣಹಾನಿ ಆಗಲಿಲ್ಲ. ಹಸಿರು ದೀಪ ಎಂದರೆ ಚಾಲಕನಿಗೆ ಕೊಟ್ಟ ಮಾತು. ಆ ಮಾತು ಹಳಿಯ ಸ್ಥಿತಿಗೆ ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿ. ನಮ್ಮ ಮೇಜಿನ ಮೇಲೆ ತಂತಿ ತಪ್ಪಿದರೆ ಕಾರ್ಡ್‌ಬೋರ್ಡ್ ಬೋಗಿ ಬೀಳುತ್ತದೆ, ಎತ್ತಿಡಬಹುದು. ತಪ್ಪು ಹುಡುಕುವ ಅಭ್ಯಾಸ ಇಲ್ಲಿಯೇ ಆಗಲಿ.

6. ಜನರಿಗಾಗಿ ನಿಲ್ದಾಣ

ಟರ್ಮಿನಸ್ಸಿಗೆ ಒಂದು ದೊಡ್ಡ ಅನುಕೂಲವಿದೆ. ಹಳಿಗಳು ಮುಗಿಯುವ ಕಡೆ ಕಟ್ಟಡ ಇಟ್ಟರೆ ಎಲ್ಲ ಪ್ಲಾಟ್‌ಫಾರ್ಮುಗಳಿಗೂ ಸಮತಟ್ಟಾಗಿ ನಡೆದುಹೋಗಬಹುದು, ಮೇಲ್ಸೇತುವೆ ಹತ್ತಬೇಕಿಲ್ಲ. ಅಜ್ಜಿ-ತಾತಂದಿರಿಗೆ, ಗಾಲಿಕುರ್ಚಿಯವರಿಗೆ, ಮಗು ಎತ್ತಿಕೊಂಡ ತಾಯಂದಿರಿಗೆ ಇದು ಸಣ್ಣ ಸಂಗತಿಯಲ್ಲ. ರಸ್ತೆಯಿಂದ 84 ಸೆಂ.ಮೀ. ಎತ್ತರದ ಪ್ಲಾಟ್‌ಫಾರ್ಮಿಗೆ 12ಕ್ಕೆ 1ರ ಇಳಿಜಾರು ಮಾಡಿದರೆ ಸುಮಾರು 10 ಮೀಟರ್ ಉದ್ದ ಬೇಕು. ಮಾದರಿಯಲ್ಲಿ 6.3 ಸೆಂ.ಮೀ. ಇದಕ್ಕೆ ಜಾಗ ಮೊದಲೇ ಬಿಡಿ; ಕಟ್ಟಡ ಮುಗಿದ ಮೇಲೆ ಜಾಗ ಸಿಗುವುದಿಲ್ಲ. ಕುಡಿಯುವ ನೀರು, ಶೌಚಾಲಯ, ಆಟೋ ಮತ್ತು ಸಿಟಿ ಬಸ್ ನಿಲ್ಲುವ ಜಾಗ ಮರೆಯಬೇಡಿ. ಹಳದಿ ನಾಮಫಲಕದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಊರಿನ ಹೆಸರು, ಕೆಳಗೆ ಸಮುದ್ರ ಮಟ್ಟದಿಂದ ಎತ್ತರ ಇರಲಿ.

7. ಕೆಲಸದ ಹಂಚಿಕೆ

ಹನ್ನೆರಡು ಜನರ ತಂಡ ಸಾಕು. ಮೂವರು ಹಲಗೆ ಮತ್ತು ಹಳಿಗೆ, ಮೂವರು ವಿದ್ಯುತ್ತಿಗೆ, ಇಬ್ಬರು ಕಟ್ಟಡಕ್ಕೆ, ಇಬ್ಬರು ವೇಳಾಪಟ್ಟಿಗೆ, ಒಬ್ಬರು ಖರ್ಚಿನ ಲೆಕ್ಕಕ್ಕೆ. ಹನ್ನೆರಡನೆಯವರ ಕೆಲಸ ಪರೀಕ್ಷೆ ಮಾತ್ರ. ತಂತಿ ಜೋಡಿಸಿದವರೇ ಅದನ್ನು ಪರೀಕ್ಷಿಸಬಾರದು. ಪ್ರತಿ ಬದಲಾವಣೆಯ ನಂತರವೂ ಎಲ್ಲ ದಾರಿಗಳನ್ನೂ ಮೊದಲಿನಿಂದ ಪರೀಕ್ಷಿಸಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

ಅಭ್ಯಾಸ

1. ಮದೀನಾಕ್ಕೆ ಹೋಗುತ್ತಿದ್ದ ಹಿಜಾಝ್ ರೈಲಿನ ಗೇಜ್ 1050 ಮಿ.ಮೀ. ಬೆಂಗಳೂರು-ಮೈಸೂರು ಮಾರ್ಗ ಮೊದಲು 1000 ಮಿ.ಮೀ.ಯ ಮೀಟರ್ ಗೇಜ್ ಆಗಿತ್ತು. 160ಕ್ಕೆ 1 ಮತ್ತು 87ಕ್ಕೆ 1ರ ಅಳತೆಗಳಲ್ಲಿ ಎರಡನ್ನೂ ಲೆಕ್ಕಹಾಕಿ. 12 ಮಿ.ಮೀ. ಹಳಿ ಯಾವುದಕ್ಕೆ ಹೆಚ್ಚು ಹೊಂದುತ್ತದೆ?

2. ಪ್ಲಾಟ್‌ಫಾರ್ಮುಗಳು n ಇದ್ದರೆ ಒಟ್ಟಿಗೆ ಸಾಧ್ಯವಾಗುವ ಜೋಡಿಗಳು ಎಷ್ಟು? ಮುಂಬೈನ 18ಕ್ಕೆ ಉತ್ತರ ಕಂಡುಹಿಡಿಯಿರಿ.

3. ಟ್ರ್ಯಾಕ್ ಸರ್ಕ್ಯೂಟಿಗೆ ವಿದ್ಯುತ್ ಕೊಡುವ ತುದಿಯಲ್ಲಿ ರೋಧಕ ಹಾಕದಿದ್ದರೆ, ರೈಲು ಬಂದಾಗ ಬ್ಯಾಟರಿಗೆ ಏನಾಗುತ್ತದೆ?

4. ಸಿಗ್ನಲ್ಲಿನ ಎಲ್‌ಇಡಿಯೇ ಸುಟ್ಟುಹೋಗಿ ದೀಪ ಕತ್ತಲಾದರೆ ಚಾಲಕರು ಅದನ್ನು ಏನೆಂದು ಭಾವಿಸಬೇಕು? ಎರಡನೆಯ ನಿಯಮವನ್ನು ಆಧಾರವಾಗಿಟ್ಟು ಉತ್ತರಿಸಿ.