ಯಾರೂ ಹತ್ತದ ಬೆಟ್ಟವನ್ನು ಹುಡುಕುವುದು ಹೇಗೆ?



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಎಂಟನೇ ತರಗತಿಯವರು ಎವರೆಸ್ಟ್ ಬಗ್ಗೆ ಬರೆದಿದ್ದರು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಅದನ್ನು ಮೊದಲು ಏರಿದರು ಎಂದು ನಾವೆಲ್ಲ ಓದಿದೆವು. ಓದಿದ ಮೇಲೆ ನನಗೆ ಒಂದು ಪ್ರಶ್ನೆ ಬಂತು. ಯಾರೂ ಹತ್ತದೇ ಇರುವ ಬೆಟ್ಟಗಳು ಇನ್ನೂ ಇವೆಯೇ? ಇದ್ದರೆ, "ಇದನ್ನು ಯಾರೂ ಹತ್ತಿಲ್ಲ" ಅಂತ ಗೊತ್ತಾಗುವುದು ಹೇಗೆ? ಸಮಾಜ ವಿಜ್ಞಾನದ ಮೇಷ್ಟ್ರನ್ನು ಕೇಳಿ, ಅವರು ಕೊಟ್ಟ ಪುಸ್ತಕಗಳನ್ನು ಓದಿ ಈ ಪಾಠ ಬರೆದಿದ್ದೇನೆ. ಆದರೆ ಕೇಳುವುದಕ್ಕೆ ಮೊದಲೇ ನಾನೊಂದು ತಪ್ಪು ಮಾಡಿದ್ದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ನಾನು ಮಾಡಿದ ತಪ್ಪು

ನಮ್ಮೂರು ಕೆಂಗೇರಿಗೂ ತಾವರೆಕೆರೆಗೂ ನಡುವೆ ಇರುವುದು ನಿಮಗೆಲ್ಲ ಗೊತ್ತು. ಊರ ಹಿಂದಿನ ಬಂಡೆಗುಡ್ಡವನ್ನು ಮೂಡಲ ಕಡೆಯಿಂದ ಎಲ್ಲರೂ ಹತ್ತುತ್ತಾರೆ. ಪಡುವಲ ಕಡೆ ಮಾತ್ರ ಕಡಿದಾದ ಹಾಸುಬಂಡೆ. ದಸರಾ ರಜೆಯಲ್ಲಿ ನನ್ನ ಚಿಕ್ಕಪ್ಪನ ಮಗ, "ಈ ಕಡೆಯಿಂದ ಯಾರೂ ಹತ್ತಿಲ್ಲ ಕಣೋ, ನಾವೇ ಫಸ್ಟು" ಅಂದ. ಮನೆಯಲ್ಲಿ ಯಾರಿಗೂ ಹೇಳದೆ ಹೊರಟೆವು.

ಅರ್ಧದಲ್ಲಿ ಜಗಲಿಯಷ್ಟು ಅಗಲದ ಒಂದು ಜಾಗವಿದೆ. ಅಲ್ಲಿಗೆ ಹೇಗೋ ತಲುಪಿದೆವು. ಅಷ್ಟರಲ್ಲಿ ಸೋನೆ ಮಳೆ ಶುರುವಾಯಿತು. ಬಂಡೆ ಎಣ್ಣೆ ಸವರಿದ ಹಾಗೆ ಜಾರತೊಡಗಿತು. ಮೇಲಕ್ಕೆ ಹೋಗುವ ಹಾಗಿಲ್ಲ, ಕೆಳಕ್ಕೆ ಇಳಿಯುವ ಹಾಗೂ ಇಲ್ಲ. ತಮ್ಮ ಅಳಲು ಶುರುಮಾಡಿದ. ನನ್ನ ಕಾಲೂ ನಡುಗುತ್ತಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತು. ದನ ಕಾಯುತ್ತಿದ್ದ ಒಬ್ಬ ಹುಡುಗ ಕೇಳಿಸಿಕೊಂಡು ಓಡಿಹೋಗಿ ನಮ್ಮ ತಾತನಿಗೆ ಹೇಳಿದ.

ತಾತ ಕೆಳಗಿನಿಂದ ಬರಲಿಲ್ಲ, ಮೇಲಿನಿಂದ ಬಂದರು! ಪೊದೆಯ ಹಿಂದೆ ಬಂಡೆಯಲ್ಲಿ ಒಂದು ಸೀಳು ಇತ್ತು, ಅದು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಾವಿ ಹಗ್ಗವನ್ನು ಮೇಲೆ ಮರಕ್ಕೆ ಕಟ್ಟಿ, ಆ ಸೀಳಿನೊಳಗಿಂದ ಇಳಿದು ಬಂದು, ನಮ್ಮ ಸೊಂಟಕ್ಕೆ ಹಗ್ಗ ಬಿಗಿದು ಒಬ್ಬೊಬ್ಬರನ್ನೇ ಹತ್ತಿಸಿದರು. ಹತ್ತಿಸುವ ಮೊದಲು ನಾವು ಕೂತಿದ್ದ ಕಲ್ಲನ್ನು ತೋರಿಸಿ, "ಇದೇನು ನೋಡು" ಅಂದರು. ಕಲ್ಲಿನ ಮೇಲೆ ಗೆರೆ ಕೆತ್ತಿತ್ತು. ಹುಲಿ-ಕುರಿ ಆಟದ ಮನೆ!

"ನಿನ್ನ ವಯಸ್ಸಲ್ಲಿ ಕುರಿ ಬಿಟ್ಕೊಂಡು ಇಲ್ಲೇ ಕೂತು ಆಡ್ತಿದ್ದೆ. ನನಗಿಂತ ಮುಂಚೆ ಯಾರು ಕೆತ್ತಿದ್ರೋ ಏನೋ. ಒಂದು ಮಾತು ಕೇಳಿದ್ರೆ ದಾರಿ ಹೇಳ್ತಿದ್ದೆ. ಮಳೆ ಮೋಡ ಇದ್ರೆ ಹೋಗ್ಬೇಡ ಅಂತಾನೂ ಹೇಳ್ತಿದ್ದೆ" ಅಂದರು. ತಾತ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹಗ್ಗ ಎಳೆದು ಅವರ ಅಂಗೈ ಕಿತ್ತುಹೋಗಿತ್ತು.

ಈಗ ಪಾಠಕ್ಕೆ ಬರೋಣ. ಹೊಸ ಶಿಖರ, ಹೊಸ ದಾರಿ ಹುಡುಕುವವರು ಏನೇನು ಮಾಡುತ್ತಾರೆ?

1. ಮೊದಲು ಕೇಳಬೇಕು

ಬೆಟ್ಟದ ಬುಡದಲ್ಲಿ ಬದುಕುವ ಕುರುಬರು, ದನಗಾಹಿಗಳು, ಜೇನು ಕೀಳುವವರು ಬೆಟ್ಟವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ನಮ್ಮ ಗುಡ್ಡದ ತುದಿಯಿಂದ ಬೆಳಿಗ್ಗೆ ಮಂಜು ಇಲ್ಲದಿದ್ದರೆ ಮಾಗಡಿ ತಾಲ್ಲೂಕಿನ ಸಾವನದುರ್ಗ ಕಾಣುತ್ತದೆ. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂದು ಅದರಲ್ಲಿ ಎರಡು ಭಾಗ. ದೂರದಿಂದ ನೋಡಿದರೆ ಕಾಲಿಡಲೂ ಜಾಗವಿಲ್ಲ ಅನ್ನಿಸುತ್ತದೆ. ಆದರೆ ಅದರ ಮೇಲೆ ಕೋಟೆ ಗೋಡೆಗಳಿವೆ, ತುದಿಯಲ್ಲಿ ನಂದಿ ಮಂಟಪವಿದೆ. ಅಂದರೆ ಕಲ್ಲು ಹೊತ್ತುಕೊಂಡು ಜನ ಹತ್ತಿದ್ದಾರೆ! ಯಾರೂ ಗೆಲ್ಲಲಾಗದು ಅಂತ ಹೆಸರಾಗಿದ್ದ ಆ ಕೋಟೆಯನ್ನು 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಪಡೆಯಿಂದ ಹಿಡಿಯಿತು. ಆದ್ದರಿಂದ "ಯಾರಿಂದಲೂ ಆಗಲ್ಲ" ಎಂಬ ಮಾತನ್ನು ಯಾವ ಬೆಟ್ಟದ ಬಗ್ಗೆಯೂ ಬೇಗ ಹೇಳಬಾರದು.

2. ದಾಖಲೆ ನೋಡಬೇಕು

ಒಂದೇ ಬೆಟ್ಟಕ್ಕೆ ಹಲವು ದಾರಿಗಳಿರುತ್ತವೆ. ಶಿಖರವನ್ನು ಹಿಂದೆಯೇ ಹತ್ತಿದ್ದರೂ ಒಂದು ಕಡೆಯ ದಾರಿ ಹೊಸದಾಗಿರಬಹುದು. ಹೊಸ ದಾರಿಯಲ್ಲಿ ಮೊದಲು ಹತ್ತಿದವರು ಅದಕ್ಕೆ ಹೆಸರಿಡುವುದು ಶಿಲಾರೋಹಿಗಳ ಪದ್ಧತಿ. ಸಾವನದುರ್ಗದ ಹಾಸುಬಂಡೆಯ ಒಂದು ಉದ್ದನೆಯ ದಾರಿಗೆ 'ಬೆಳದಿಂಗಳು' ಎಂದು ಹೆಸರು. ಎಷ್ಟು ಚೆನ್ನಾಗಿದೆ ಅಲ್ಲವೇ! ಎಲ್ಲಿಂದ ಹತ್ತಿದೆವು, ಎಲ್ಲಿ ಹಗ್ಗ ಕಟ್ಟಿದೆವು, ಯಾವ ಕಡೆ ಇಳಿದೆವು ಎಂದು ಅವರು ಬರೆದಿಡುತ್ತಾರೆ. ಹಿಮಾಲಯಕ್ಕೆ ಸಂಬಂಧಿಸಿದ ಇಂಥ ವರದಿಗಳು 'ಹಿಮಾಲಯನ್ ಜರ್ನಲ್' ಎಂಬ ಪತ್ರಿಕೆಯಲ್ಲಿ 1929ರಿಂದ ಅಚ್ಚಾಗುತ್ತಿವೆ. ಹೊಸ ಶಿಖರ ಹುಡುಕುವವರು ಮೊದಲು ಇಂಥ ಹಳೆಯ ಪುಟಗಳಲ್ಲಿ ಹುಡುಕುತ್ತಾರೆ.

3. ನಕ್ಷೆ ಓದಬೇಕು

ಸಮೋನ್ನತಿ ರೇಖೆಗಳ ಪಾಠ ನಿಮಗೆ ನೆನಪಿದೆಯೇ? ಸರ್ವೆ ಆಫ್ ಇಂಡಿಯಾದ ಟೋಪೋಶೀಟಿನಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಸಾಮಾನ್ಯವಾಗಿ ಪಕ್ಕಪಕ್ಕದ ಎರಡು ರೇಖೆಗಳ ನಡುವೆ 20 ಮೀಟರ್ ಎತ್ತರದ ಅಂತರ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ಇಳಿಜಾರು. ಈಗ ಉಪಗ್ರಹದ ಚಿತ್ರಗಳೂ ಮೊಬೈಲಿನಲ್ಲೇ ಸಿಗುತ್ತವೆ. ಆದರೆ ಮೇಲಿನಿಂದ ತೆಗೆದ ಚಿತ್ರದಲ್ಲಿ ನೆಟ್ಟಗೆ ನಿಂತ ಬಂಡೆಯ ಮುಖ ಸರಿಯಾಗಿ ಕಾಣುವುದಿಲ್ಲ. 20 ಮೀಟರಿಗಿಂತ ಚಿಕ್ಕ ಬಂಡೆ ಎರಡು ರೇಖೆಗಳ ನಡುವೆ ಅಡಗಿಹೋಗಬಹುದು. ನಮ್ಮ ಗುಡ್ಡದ ಸೀಳು ಯಾವ ನಕ್ಷೆಯಲ್ಲೂ ಇಲ್ಲ, ತಾತನ ತಲೆಯಲ್ಲಿದೆ.

4. ದೂರ ನಿಂತು ನೋಡಬೇಕು

ಬೆಟ್ಟದ ಕೆಳಗೆ ನಿಂತರೆ ಬೆಟ್ಟ ಕಾಣಿಸುವುದಿಲ್ಲ. ಎದುರಿನ ಗುಡ್ಡಕ್ಕೆ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ ಬೈನಾಕ್ಯುಲರ್‌ನಿಂದ ನೋಡಬೇಕು. ಇಳಿ ಬಿಸಿಲಲ್ಲಿ ನೆರಳು ಬಿದ್ದು ಸೀಳುಗಳು ಎದ್ದು ಕಾಣುತ್ತವೆ. ನಮ್ಮ ಕಡೆಯ ಬಂಡೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ಅದನ್ನು 'ಕ್ಲೋಸ್‌ಪೇಟೆ ಗ್ರಾನೈಟ್' ಎನ್ನುತ್ತಾರೆ. ಒಣಗಿದ್ದಾಗ ಅದರ ತರಿ ಮೇಲೆ ಪಾದ ಕಚ್ಚಿಕೊಳ್ಳುತ್ತದೆ, ನೆನೆದರೆ ಹಿಡಿತ ತಪ್ಪುತ್ತದೆ. ಕಪ್ಪು ಪಟ್ಟೆ ಇಳಿದಿರುವ ಕಡೆ ಮಳೆನೀರು ಹರಿಯುತ್ತದೆ ಎಂದು ತಿಳಿಯಬೇಕು. ಹೆಜ್ಜೇನು ಕಟ್ಟಿದ್ದರೆ ಆ ಕಡೆ ಸುಳಿಯಲೇಬಾರದು.

5. ದಾರಿ ಹುಡುಕುವುದೇ ಒಂದು ಸಾಧನೆ

ಹಿಮಾಲಯದ ನಂದಾದೇವಿ ಶಿಖರದ ಎತ್ತರ 7816 ಮೀಟರ್. ಅದರ ಸುತ್ತ ಕೋಟೆಯ ಹಾಗೆ ಬೆಟ್ಟಗಳ ಸಾಲು. ಶಿಖರ ಹತ್ತುವುದಿರಲಿ, 1883ರಿಂದ ಎಷ್ಟೋ ಜನ ಪ್ರಯತ್ನಿಸಿದರೂ ಬುಡ ಮುಟ್ಟಲೂ ಆಗಲಿಲ್ಲ. 1934ರಲ್ಲಿ ಶಿಪ್ಟನ್, ಟಿಲ್ಮನ್ ಎಂಬ ಇಬ್ಬರು ಬ್ರಿಟಿಷರು, ಆಂಗ್‌ಥಾರ್ಕೆ, ಪಸಾಂಗ್, ಕುಸಾಂಗ್ ಎಂಬ ಮೂವರು ಶೆರ್ಪಾಗಳ ಜೊತೆ ಋಷಿಗಂಗಾ ನದಿಯ ಭಯಂಕರ ಕಣಿವೆಯ ಮೂಲಕ ಒಳಗೆ ಹೋಗುವ ದಾರಿ ಕಂಡುಹಿಡಿದರು. ಆ ವರ್ಷ ಅವರು ಶಿಖರ ಏರಲಿಲ್ಲ, ದಾರಿ ತಿಳಿದುಕೊಂಡು ವಾಪಸ್ ಬಂದರು. 1936ರಲ್ಲಿ ಅದೇ ದಾರಿಯಲ್ಲಿ ಹೋಗಿ ಟಿಲ್ಮನ್ ಮತ್ತು ಓಡೆಲ್ ತುದಿ ಮುಟ್ಟಿದರು. ತುದಿ ಮುಟ್ಟದೆ ಬಂದವರ ಕೆಲಸವೂ ಚಿಕ್ಕದಲ್ಲ.

6. ಇಳಿಯುವ ದಾರಿ ಮೊದಲೇ ಗೊತ್ತಿರಬೇಕು

ಇದು ನಾನು ಅತ್ತು ಕಲಿತ ಪಾಠ. ಹತ್ತುವಾಗ ಕಣ್ಣು ಮೇಲಿರುತ್ತದೆ, ಕೈಗೆ ಹಿಡಿ ಸಿಗುತ್ತದೆ. ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ. ತರಬೇತಿ, ಹಗ್ಗ, ಹೆಲ್ಮೆಟ್, ಬಲ್ಲವರ ಜೊತೆ ಇವಿಷ್ಟೂ ಇಲ್ಲದೆ ಬಂಡೆ ಏರಬಾರದು. ಎಲ್ಲಿಗೆ ಹೋಗುತ್ತೇವೆ ಎಂದು ಮನೆಯಲ್ಲಿ ಹೇಳಿಯೇ ಹೊರಡಬೇಕು.

ಹತ್ತದೇ ಬಿಟ್ಟ ಬೆಟ್ಟಗಳು

ಈಗ ನನ್ನ ಮೊದಲ ಪ್ರಶ್ನೆಗೆ ಉತ್ತರ. ಹೌದು, ಯಾರೂ ಹತ್ತದ ಶಿಖರಗಳು ಇನ್ನೂ ಇವೆ. ಅವುಗಳಲ್ಲಿ ಅತ್ಯಂತ ಎತ್ತರದ್ದು ಭೂತಾನಿನ ಗಡಿಯಲ್ಲಿರುವ ಗಂಗ್‌ಖಾರ್ ಪುಯೆನ್ಸಮ್, 7570 ಮೀಟರ್. ಬೆಟ್ಟಗಳು ಪವಿತ್ರ ಎಂಬ ಜನರ ನಂಬಿಕೆಯನ್ನು ಗೌರವಿಸಿ ಭೂತಾನ್ 1994ರಲ್ಲಿ 6000 ಮೀಟರಿಗಿಂತ ಎತ್ತರದ ಶಿಖರಗಳನ್ನು ಏರುವುದನ್ನು ನಿಲ್ಲಿಸಿತು. 2003ರಲ್ಲಿ ಪರ್ವತಾರೋಹಣವನ್ನೇ ನಿಷೇಧಿಸಿತು. 1955ರಲ್ಲಿ ಕಾಂಚನಗಂಗಾ ಏರಿದ ಬ್ಯಾಂಡ್ ಮತ್ತು ಬ್ರೌನ್ ಸಿಕ್ಕಿಂ ಜನರಿಗೆ ಕೊಟ್ಟ ಮಾತಿನಂತೆ ತುದಿಗೆ ಕೆಲವೇ ಅಡಿ ಬಾಕಿ ಇರುವಾಗ ನಿಂತುಬಿಟ್ಟರು.

ದೂರದ ಮಾತೇಕೆ, ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನೇ ನೋಡಿ. ಅಲ್ಲಿನ ಕಡಿದಾದ ಬಂಡೆಗಳಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮನುಷ್ಯರು ಹೋಗಿ ಗಲಾಟೆ ಮಾಡಿದರೆ ಅದೂ ಹಾಳು. 2012ರಲ್ಲಿ ಆ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಕೆಲವು ದಾರಿಗಳು ಹಕ್ಕಿಗಳಿಗೇ ಇರಲಿ.

ಕೊನೆಯ ಮಾತು

ಈಗ ನಾನೂ ತಮ್ಮನೂ ಭಾನುವಾರ ತಾತನ ಜೊತೆ ಮೂಡಲ ಕಡೆಯಿಂದ ಗುಡ್ಡಕ್ಕೆ ಹೋಗುತ್ತೇವೆ. ಒಂದು ನೋಟ್‌ಬುಕ್ಕಿನಲ್ಲಿ ಗುಡ್ಡದ ಚಿತ್ರ ಬರೆದು, ತಾತ ಹೇಳಿದ ಹೆಸರುಗಳನ್ನು ಗುರುತು ಮಾಡುತ್ತಿದ್ದೇವೆ. ಪ್ರತಿಯೊಂದು ಬಂಡೆಗೂ ಒಂದು ಹೆಸರಿದೆ! ಇಲ್ಲಿಯವರೆಗೆ ಹದಿನಾಲ್ಕು ಆಗಿದೆ. ಹೆಸರಿಲ್ಲದ ಬಂಡೆ ಒಂದೂ ಸಿಕ್ಕಿಲ್ಲ. ತಾತನಿಗೆ ಈಗ ಮಂಡಿ ನೋವು. ಅವರು ನಡೆಯುವಷ್ಟು ದಿನದಲ್ಲೇ ಪುಸ್ತಕ ಮುಗಿಸಬೇಕು. ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವ ಹೆಸರುಗಳಿದ್ದರೆ ದಯವಿಟ್ಟು ನನಗೆ ತಿಳಿಸಿ.

ಯೋಚಿಸಿ ಉತ್ತರಿಸಿ
1) ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು ಒತ್ತಾಗಿದ್ದರೆ ಏನರ್ಥ?
2) 1934ರಲ್ಲಿ ಶಿಪ್ಟನ್, ಟಿಲ್ಮನ್ ತುದಿ ಮುಟ್ಟಲಿಲ್ಲ. ಆದರೂ ಅವರನ್ನು ಏಕೆ ನೆನೆಯುತ್ತೇವೆ?
3) ನಿಮ್ಮ ಊರಿನ ಗುಡ್ಡಕ್ಕೆ ಎಷ್ಟು ದಾರಿಗಳಿವೆ? ಮನೆಯಲ್ಲಿ ಕೇಳಿ ಬರೆಯಿರಿ.

— 9ನೇ ತರಗತಿ ವಿದ್ಯಾರ್ಥಿ