ಉಲ್ಕೆಗಳು ಬಿಟ್ಟುಹೋದ ಲೋಹ

ನಿರ್ಮಲವಾದ ಇರುಳಿನಲ್ಲಿ ಆಕಾಶವನ್ನು ದಿಟ್ಟಿಸುವವರಿಗೆ ಆಗಾಗ ಬೆಳಕಿನ ಗೆರೆಯೊಂದು ಮಿಂಚಿ ಮಾಯವಾಗುವುದು ಕಾಣುತ್ತದೆ. ನಕ್ಷತ್ರ ಉದುರಿತೆಂದು ಜನ ಹೇಳುವುದುಂಟು. ವಾಸ್ತವವಾಗಿ ಅದು ಉಲ್ಕೆ. ಅತಿ ವೇಗದಿಂದ ವಾಯುಮಂಡಲವನ್ನು ಹೊಕ್ಕು, ಕಾದು, ಆವಿಯಾಗುವ ಕಲ್ಲಿನ ಚೂರು. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣಗಳೂ ಹೀಗೆಯೇ ಹಗಲಿರುಳೂ ಬಂದು ಆವಿಯಾಗುತ್ತಿರುತ್ತವೆ. ಆದರೆ ಅವುಗಳಲ್ಲಿದ್ದ ದ್ರವ್ಯ ನಾಶವಾಗುವುದಿಲ್ಲ. ಕಬ್ಬಿಣ, ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲೋಹಗಳು ಬಿಡಿ ಪರಮಾಣುಗಳಾಗಿ, ನೆಲದಿಂದ ಸುಮಾರು 80ರಿಂದ 105 ಕಿಲೋಮೀಟರ್ ಎತ್ತರದಲ್ಲಿ ತೆಳುವಾದ ಪದರಗಳಾಗಿ ಹರಡಿಕೊಂಡಿವೆ.

ಇವುಗಳಲ್ಲಿ ಮೊದಲು ಬೆಳಕಿಗೆ ಬಂದುದು ಸೋಡಿಯಂ. 1929ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ವೆಸ್ಟೊ ಸ್ಲೈಫರ್ ಇರುಳಿನ ಆಕಾಶದ ಮಂದಪ್ರಕಾಶವನ್ನು ಪರೀಕ್ಷಿಸಿ, ಅದರ ರೋಹಿತದಲ್ಲಿ ಹಳದಿ ಗೆರೆಯೊಂದನ್ನು ಕಂಡರು. ಅದು ಸೋಡಿಯಂ ಬೀರುವ ಬೆಳಕೆಂದು ಮುಂದೆ ಸ್ಪಷ್ಟವಾಯಿತು. ಸೋಡಿಯಂ ಪರಮಾಣು ಓಜೋನಿನಿಂದ ಆಮ್ಲಜನಕವನ್ನು ಪಡೆದು ಆಕ್ಸೈಡ್ ಆಗುವುದು. ಆ ಆಕ್ಸೈಡು ಆಮ್ಲಜನಕದ ಪರಮಾಣುವಿನೊಡನೆ ವರ್ತಿಸಿದಾಗ ಸೋಡಿಯಂ ಮತ್ತೆ ಬಿಡುಗಡೆ ಹೊಂದಿ ಹಳದಿ ಬೆಳಕನ್ನು ಸೂಸುವುದು. 1939ರಲ್ಲಿ ಸಿಡ್ನಿ ಚಾಪ್‌ಮನ್ ನೀಡಿದ ವಿವರಣೆ ಇದು.

ಈ ಪದರ ತೆಳುವಾಗಿಯೇ ಉಳಿಯಲು ಕಾರಣವುಂಟು. ಇನ್ನೂ ಮೇಲೆ ಪರಮಾಣುಗಳು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನುಗಳಾಗುತ್ತವೆ. ಕೆಳಗೆ ಬೇರೆ ಧಾತುಗಳೊಡನೆ ಕೂಡಿ ಸಂಯುಕ್ತಗಳಾಗುತ್ತವೆ. ನಡುವೆಯೂ ಒಂದು ಘನ ಸೆಂಟಿಮೀಟರಿನಲ್ಲಿರುವುದು ಕೆಲವೇ ಸಾವಿರ ಸೋಡಿಯಂ ಪರಮಾಣುಗಳು. ಆ ಎತ್ತರದ ವಿರಳವಾದ ಗಾಳಿಯಲ್ಲಿಯೂ ಒಂದೊಂದು ಸೋಡಿಯಂ ಪರಮಾಣುವಿಗೆ ಸಾವಿರಾರು ಕೋಟಿ ಇತರ ಕಣಗಳಿರುತ್ತವೆ.

ಇಷ್ಟು ಅಲ್ಪವಾದ ಲೋಹದಿಂದ ಮಾನವನಿಗೆ ದೊಡ್ಡ ಉಪಕಾರವಾಗಿದೆ. ಗಾಳಿಯ ಕ್ಷೋಭೆಯಿಂದ ನಕ್ಷತ್ರಗಳು ಮಿನುಗುತ್ತವೆ. ಈ ಮಿನುಗು ಕಣ್ಣಿಗೆ ಚೆಂದ. ಆದರೆ ದೂರದರ್ಶಕದಲ್ಲಿ ಅದರಿಂದ ಬಿಂಬ ಕದಡುತ್ತದೆ. ಬಿಂಬವನ್ನು ತಿದ್ದಲು ನೋಡಬೇಕಾದ ಕಾಯದ ಬಳಿಯಲ್ಲಿ ಪ್ರಕಾಶಮಾನವಾದ ನಕ್ಷತ್ರವೊಂದು ಬೇಕು. ಅಂಥದು ಎಲ್ಲೆಡೆಯೂ ಇರುವುದಿಲ್ಲ. ಆದುದರಿಂದ ಚಿಲಿ ದೇಶದ ಪರನಾಲ್ ಬೆಟ್ಟದ ವೀಕ್ಷಣಾಲಯದಲ್ಲಿ 589 ನ್ಯಾನೊಮೀಟರ್ ತರಂಗಾಂತರದ ಹಳದಿ ಲೇಸರ್ ಕಿರಣವನ್ನು ಮೇಲಕ್ಕೆ ಹಾಯಿಸುತ್ತಾರೆ. ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ಸೋಡಿಯಂ ಪರಮಾಣುಗಳು ಆ ಬೆಳಕನ್ನು ಹೀರಿ ಮರಳಿ ಸೂಸಿದಾಗ ಕೃತಕ ನಕ್ಷತ್ರವೊಂದು ಮೂಡುತ್ತದೆ. ಅದರ ಮಿನುಗನ್ನು ಅಳೆದು, ಬಾಗಬಲ್ಲ ಕನ್ನಡಿಯ ಆಕಾರವನ್ನು ಸೆಕೆಂಡಿಗೆ ನೂರಾರು ಬಾರಿ ಬದಲಿಸಿ ಬಿಂಬವನ್ನು ತಿಳಿಗೊಳಿಸುತ್ತಾರೆ.

ಕ್ಷಣಮಾತ್ರ ಉರಿದು ಹೋದ ಉಲ್ಕೆಯ ಅವಶೇಷವು ಹೀಗೆ ಬಹುದೂರದ ನಕ್ಷತ್ರಗಳನ್ನು ಸ್ಪಷ್ಟವಾಗಿ ಕಾಣಲು ನೆರವಾಗುತ್ತಿದೆ. ಕಣ್ಮರೆಯಾದುದೆಲ್ಲವೂ ಇಲ್ಲವಾದುದಲ್ಲ.